ನೆಲ ಡೊಂಕೋ, ಕಾಲು ಡೊಂಕೋ?

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಗಾದೆಯನ್ನು ಹೇಳಿ ನಗುವವರೇ ಹೆಚ್ಚು. ನೆಲ ನಿಜವಾಗಿಯೂ ಡೊಂಕಾಗಿರಬಹುದೇ ಎಂದು ಬಗ್ಗಿ ನೋಡುವವರು ವಿರಳ. ಬಸವಕಲ್ಯಾಣದ ಒಂದು ಮನೆಯಲ್ಲಿ ಈ ಪ್ರಶ್ನೆ ಎದ್ದುದು ಪೂಲ್ ಆಟದ ಕೋಲಿನಿಂದ.

ಆ ಮನೆಯ ಹಿರಿಯ ಮಗ ಹುಮನಾಬಾದಿನಲ್ಲಿ ಗುಮಾಸ್ತ. ಸಂಜೆ ಊರಿನ ಬಸ್ಸು ಹಿಡಿಯುವ ಮುನ್ನ ಹೆದ್ದಾರಿಯ ಬದಿಯ ಮಹಡಿಯೊಂದರಲ್ಲಿ, ಹಸಿರು ಬಟ್ಟೆಯ ಮೇಜಿನ ಮುಂದೆ ಅರ್ಧ ಗಂಟೆ ಕಳೆಯುವುದೇ ಅವನ ಏಕೈಕ ವಿಲಾಸ. ತಂದೆಗೆ ಇದು ಹಿಡಿಸದು. 1875ರಲ್ಲಿ ಜಬಲ್ಪುರದ ಆಂಗ್ಲ ಸೇನಾಧಿಕಾರಿಗಳು ಹೊತ್ತು ಕಳೆಯಲು ಸ್ನೂಕರ್ ಹುಟ್ಟಿಸಿದರಾದರೂ, 1958ರಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸಿನಲ್ಲಿ ವಿಶ್ವವಿಜೇತರಾದರೆಂದೂ, 2003ರಲ್ಲಿ ಬೆಂಗಳೂರಿನ ಪಂಕಜ್ ಆಡ್ವಾಣಿ ಸ್ನೂಕರಿನ ವಿಶ್ವಪ್ರಶಸ್ತಿ ತಂದರೆಂದೂ ಮಗ ವಾದಿಸುವನು. “ಅವರು ಗೆದ್ದರು. ನೀನು?” ಎಂಬುದಷ್ಟೇ ತಂದೆಯ ಉತ್ತರ.

ಮಗ ಸೋಲುತ್ತಲೇ ಇದ್ದ. ಚೆಂಡಿನ ನಡುವಿಗೆ ಹೊಡೆದರೆ ನೇರ ಹೋಗುವುದು. ಬದಿಗೆ ಹೊಡೆದು ಬುಗುರಿಯಂತೆ ತಿರುಗಿಸಹೋದರೆ ಒಮ್ಮೆ ಕೋಲು ಜಾರುವುದು, ಒಮ್ಮೆ ಚೆಂಡು ದಾರಿ ತಪ್ಪುವುದು. ದೋಷ ಕೋಲಿನದೆಂದು ನಿರ್ಧರಿಸಿ ಹೊಸದನ್ನು ಕೊಳ್ಳಹೊರಟ. ಅದಕ್ಕಾಗಿ ಕೈಹಾಕಿದ್ದು ತಂಗಿಯ ಕಾಲೇಜಿನ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣಕ್ಕೆ. “ಮುಂದಿನ ತಿಂಗಳು ತುಂಬಿಕೊಡ್ತೀನಿ” ಎಂದ. ತಂಗಿ ಏನೂ ಅನ್ನಲಿಲ್ಲ. ಆ ಮೌನವನ್ನು ಸಹಿಸದ ತಾಯಿ ಮಾಣಿಕನಗರದಲ್ಲಿರುವ ತನ್ನ ಅಣ್ಣನಿಗೆ ಹೇಳಿಕಳುಹಿಸಿದಳು.

ಸೋದರಮಾವ ಭಜನೆಗಳಿಗೆ ತಬಲಾ ನುಡಿಸುವವರು. ಹುಮನಾಬಾದಿಗೆ ಹೊಂದಿಕೊಂಡಿರುವ ಮಾಣಿಕಪ್ರಭುಗಳ ಆ ಕ್ಷೇತ್ರದಲ್ಲಿ ಸಂಗೀತಕ್ಕೆ ಎಂದೂ ಬರವಿಲ್ಲ. ಅಳಿಯನ ದೂರನ್ನೆಲ್ಲ ಕೇಳಿ ಅವರೆಂದರು: “ಅಲ್ಲೋ ತಮ್ಮಾ, ತಬಲಾ ಸ್ವರಕ್ಕ ಬರಲಿಲ್ಲಂದ್ರ ನಾ ಹೊಸ ತಬಲಾ ತರ್ತೀನೇನು? ಮೊದಲ ಸುತ್ತಿಗಿ ತಗೊಂಡು ಒಂದ್ ಕಡೆ ಬಡೀತೀನಿ, ಕೇಳ್ತೀನಿ. ಆಮ್ಯಾಲೆ ಇನ್ನೊಂದ್ ಕಡೆ. ಎಲ್ಲಾ ಕಡೆ ಒಮ್ಮೆಲೆ ಬಡದ್ರ ಯಾವುದು ಕೆಟ್ಟಿತ್ತು ಅಂತ ತಿಳೀತದೇನು?”

ಪೂಲ್ ಕೋಲು ನೋಡುವುದಕ್ಕೆ ಒಂದೇ ಕಟ್ಟಿಗೆ. ವಾಸ್ತವದಲ್ಲಿ ಹಲವು ಅಂಗಗಳ ಜೋಡಣೆ. ತುದಿಯಲ್ಲಿ ಚರ್ಮದ ಬಿಲ್ಲೆ, ಅದರ ಹಿಂದೆ ಚಿಕ್ಕ ಬಳೆ, ಬಳಿಕ ಸಣ್ಣಗಾಗುತ್ತ ಬಂದ ಮುಂಗೋಲು, ನಡುವೆ ತಿರುಪಿನ ಕೀಲು, ಹಿಂದೆ ದಪ್ಪನೆಯ ಹಿಡಿ. ಅನೇಕ ಕೋಲುಗಳಲ್ಲಿ ಹಿಡಿಯ ಕೊನೆಯ ರಬ್ಬರನ್ನು ಬಿಚ್ಚಿದರೆ ತೂಕದ ತಿರುಪೊಂದು ಸಿಗುವುದು. ಅದನ್ನು ಬದಲಿಸಿ ಕೋಲಿನ ಭಾರವನ್ನು ಹೆಚ್ಚುಕಡಿಮೆ ಮಾಡಬಹುದು. ನಿಯಮದ ಪ್ರಕಾರ ಪೂಲ್ ಕೋಲಿನ ತೂಕ 25 ಔನ್ಸನ್ನೂ, ತುದಿಯ ಅಗಲ 14 ಮಿಲಿಮೀಟರನ್ನೂ ಮೀರಬಾರದು.

ಸೋಜಿಗವೆಂದರೆ, ಬಿಲ್ಲೆಯೂ ಚೆಂಡೂ ಕೂಡಿರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ. ಹೊಡೆತದ ನಡುಕ ಕೈಗೆ ತಿಳಿಯುವ ವೇಳೆಗೆ ಚೆಂಡು ಹೊರಟುಹೋಗಿರುತ್ತದೆ. ಕೀಲು ಹಿತ್ತಾಳೆಯದೋ ಮರದ್ದೋ ಎಂಬುದು ಬಹುಮಟ್ಟಿಗೆ ಕೈಗೆ ಸಂಬಂಧಿಸಿದ ಮಾತು; ಬಿಲ್ಲೆಯೂ ಮುಂಗೋಲಿನ ತುದಿಯ ಒಂದು ಗೇಣೂ ಚೆಂಡಿಗೆ ಸಂಬಂಧಿಸಿದ ಮಾತು. ಬಲಬದಿಗೆ ಹೊಡೆದರೆ ಚೆಂಡು ಗುರಿಯ ಗೆರೆಯಿಂದ ತುಸು ಎಡಕ್ಕೆ ಸರಿದೇ ಹೊರಡುವುದು. ತುದಿಯ ಭಾಗ ಹಗುರವಾದಷ್ಟೂ ಈ ಸರಿತ ಕಡಿಮೆ; ಆದರೆ ಪೂರ್ತಿ ಇಲ್ಲದ ಕೋಲಿಲ್ಲ.

ತರುಣ ಮಾವನ ಮಾತಿನಂತೆ ನಡೆದ. ಚೆಂಡನ್ನು ಒಂದೇ ಗುರುತಿನ ಮೇಲಿಟ್ಟು ಹತ್ತು ಸಲ ಹೊಡೆದು ಫಲವನ್ನು ಬರೆದುಕೊಂಡ. ಮೊದಲು ನೋಡಿದ್ದು ಬಿಲ್ಲೆಯನ್ನು. ಅದು ಚಪ್ಪಟೆಯಾಗಿ, ಕಲ್ಲಿನಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಚಾಕಿನ ಪುಡಿ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಅಲ್ಪ ಖರ್ಚಿನಲ್ಲಿ ಹೊಸ ಬಿಲ್ಲೆಯನ್ನು ಅಂಟಿಸಿ, ಒಂದು ರೂಪಾಯಿಯ ನಾಣ್ಯದ ಅಂಚಿನಷ್ಟು ದುಂಡಗೆ ಉಜ್ಜಿದ. ಜಾರುವುದು ನಿಂತಿತು. ಆಮೇಲೆ ಸ್ನೇಹಿತನಿಂದ ಒಂದು ಔನ್ಸು ಹೆಚ್ಚಿನ ತಿರುಪನ್ನು ಬೇಡಿ ತಂದು ಹಾಕಿದ. ಚೆಂಡಿನ ವೇಗ ಹೆಚ್ಚಿತು, ಹದ ತಪ್ಪಿತು, ಬಿಚ್ಚಿ ಹಿಂದಿರುಗಿಸಿದ.

ಉಳಿದದ್ದು ಆ ಸರಿತ. ಹತ್ತು ಸಲ ಹೊಡೆದರೆ ಹತ್ತು ಸಲವೂ ಚೆಂಡು ಒಂದೇ ಅಳತೆಯಲ್ಲಿ ಸರಿಯುವುದನ್ನು ಅವನು ಕಂಡ. ಪ್ರತಿಸಲವೂ ಒಂದೇ ಬಗೆಯಾಗಿ ತಪ್ಪುವ ಕೋಲನ್ನು ನಂಬಬಹುದು. ಗುರಿಯನ್ನೇ ಅಷ್ಟು ಸರಿಸಿಕೊಂಡರಾಯಿತು. ಇಷ್ಟು ದಿನ ಜಾರುವಿಕೆಯೂ ಸರಿತವೂ ಬೆರೆತು, ಯಾವುದು ಯಾವುದೆಂದು ತಿಳಿಯದಂತಾಗಿತ್ತು.

ಹಾಗಾದರೆ ನೆಲ ಡೊಂಕಾಗಿತ್ತೆ? ಒಂದಿಷ್ಟು ಆಗಿತ್ತು. ಆ ಒಂದಿಷ್ಟನ್ನು ಸರಿಪಡಿಸಿದ ಮೇಲೆಯೇ ಕಾಲಿನ ಡೊಂಕು ಎಷ್ಟೆಂದು ಕಂಡದ್ದು.

ತಂಗಿಯ ಶುಲ್ಕ ಸಕಾಲಕ್ಕೆ ಸಂದಾಯವಾಯಿತು. ಅಣ್ಣ ಈಗಲೂ ಆಗಾಗ ಸೋಲುತ್ತಾನೆ. ಆದರೆ ಬಸ್ಸಿಳಿದು ಮನೆಗೆ ಬಂದಾಗ ಕೋಲನ್ನು ಬಯ್ಯುವುದಿಲ್ಲ. “ಇವತ್ತು ಗುರಿ ಹಿಡಿದದ್ದು ತಪ್ಪಿತು” ಎನ್ನುತ್ತಾನೆ. ತಂದೆ ಮಾತಿಲ್ಲದೆ ತಟ್ಟೆಯ ಮುಂದೆ ಜಾಗ ಬಿಡುತ್ತಾರೆ.