ಅಂಗೈಯ ಗಣಕ, ಅಂಗಡಿಯ ಲೆಕ್ಕ

ಕೊಡಗು ಜಿಲ್ಲೆಯ ಉತ್ತರದ ಅಂಚಿನಲ್ಲಿ, ಹಾಸನ ಜಿಲ್ಲೆಯ ಗಡಿಗೆ ಸಮೀಪದಲ್ಲಿರುವ ಕೊಡ್ಲಿಪೇಟೆಯಂತಹ ಊರಿನಲ್ಲಿ ವ್ಯಾಪಾರದ ಮೊದಲ ಬರಹವು ಬಹುಪಾಲು ಅಂಗಡಿಯ ಮೇಜಿನ ಮೇಲೆ ಆಗುವುದಿಲ್ಲ. ಅದು ಬೆಳೆಗಾರರ ಕಣದಲ್ಲಿ, ತಕ್ಕಡಿಯ ಪಕ್ಕದಲ್ಲಿ, ಕೆಲವೊಮ್ಮೆ ಜೀಪಿನ ಬಾನೆಟ್ಟಿನ ಮೇಲೆ ಆಗುತ್ತದೆ. ಎಷ್ಟು ಮೂಟೆ ಕಾಫಿ, ಎಷ್ಟು ಕಿಲೋ ಕಾಳುಮೆಣಸು, ತೇವಾಂಶಕ್ಕೆಂದು ಕಳೆದದ್ದೆಷ್ಟು, ಕೊಟ್ಟ ಮುಂಗಡವೆಷ್ಟು ಎಂಬ ನಾಲ್ಕು ಸಂಗತಿಗಳನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಹಿಂದೆ ಇದಕ್ಕೆ ಚೀಟಿ ಇತ್ತು. ಚೀಟಿಯಿಂದ ರೋಜುಕೀರ್ದಿಗೆ, ರೋಜುಕೀರ್ದಿಯಿಂದ ಖಾತೆ ಪುಸ್ತಕಕ್ಕೆ ಲೆಕ್ಕ ಸಾಗುತ್ತಿತ್ತು. ಇಂದು ಚೀಟಿಯ ಜಾಗಕ್ಕೆ ಕಿಸೆಯ ಫೋನ್ ಬಂದಿದೆ. ಆದರೆ ಫೋನಿನಲ್ಲಿ ಬರೆದದ್ದು ರೋಜುಕೀರ್ದಿಯವರೆಗೆ ತಪ್ಪದೆ ತಲುಪುತ್ತಿದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ಕಡಿಮೆ. ಈ ಪ್ರಶ್ನೆಯನ್ನು ಕಡೆಗಣಿಸುವ ವರ್ತಕರು ತಮ್ಮ ಹಣವನ್ನಷ್ಟೇ ಅಲ್ಲ, ಬೆಳೆಗಾರರ ವಿಶ್ವಾಸವನ್ನೂ ಪಣಕ್ಕಿಡುತ್ತಾರೆ.

ಬೆಂಗಳೂರಿನಲ್ಲೇ ಹುಟ್ಟಿದ ಒಂದು ವಿಚಾರ

ಅಂಗೈಯಗಲದ ಗಣಕದಲ್ಲಿ ಕನ್ನಡಿಗರು ಬರೆದು, ಓದಿ, ವ್ಯವಹರಿಸಬೇಕೆಂಬ ಯೋಚನೆ ಹೊರದೇಶದಿಂದ ಬಂದದ್ದಲ್ಲ. 1999ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ತಂತ್ರಜ್ಞರೊಡನೆ ಸೇರಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. 2001ರಲ್ಲಿ ಅದರ ಮಾದರಿ ಯಂತ್ರ ಪ್ರದರ್ಶನಗೊಂಡಿತು. ಲಿನಕ್ಸ್ ಆಧಾರದ ಮೇಲೆ ನಡೆಯುವ, ಕಡ್ಡಿಯಿಂದ ಪರದೆಯನ್ನು ಒತ್ತಿ ಬರೆಯುವ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪಠ್ಯವನ್ನು ಧ್ವನಿಯಾಗಿ ಓದಿ ಹೇಳುವ ಈ ಪುಟ್ಟ ಯಂತ್ರವು ಅಮೆರಿಕದ ಪತ್ರಿಕೆಗಳ ಗಮನವನ್ನೂ ಸೆಳೆಯಿತು. 2004ರಲ್ಲಿ ಪಿಕೋಪೇಟಾ ಕಂಪನಿಯು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ 'ಅಮಿಡಾ' ಹೆಸರಿನ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು.

ಈ ಯಂತ್ರದ ಬಳಕೆಯೂ ಆಯಿತು. ಕರ್ನಾಟಕ ಸರ್ಕಾರವು ಭೂದಾಖಲೆಗಳ ಮಾಹಿತಿ ಸಂಗ್ರಹಕ್ಕೆ ಅದನ್ನು ಬಳಸಿತು. ಬೆಂಗಳೂರಿನ ಸಂಚಾರ ಪೊಲೀಸರು ದಂಡದ ಚೀಟಿ ನೀಡಲು ಬಳಸಿದರು. ಗೋವಾದಲ್ಲಿ ಗಣಿಯಿಂದ ಹಡಗಿನವರೆಗೆ ಅದಿರಿನ ಸಾಗಾಟದ ಲೆಕ್ಕವಿಡಲು ಉಪಯೋಗವಾಯಿತು. ಆದರೆ 50,000 ಯಂತ್ರಗಳ ಮಾರಾಟದ ಗುರಿಯಿದ್ದಲ್ಲಿ 2005ರ ವೇಳೆಗೆ ಮಾರಾಟವಾದದ್ದು ಸುಮಾರು 4,000 ಮಾತ್ರ. ಹತ್ತು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ಆರಂಭವಾಗುತ್ತಿದ್ದ ಬೆಲೆ ಸಣ್ಣ ವರ್ತಕರಿಗೆ ಅಂದು ಭಾರವೇ ಆಗಿತ್ತು. ಅದೇ ಹೊತ್ತಿನಲ್ಲಿ ಮೊಬೈಲ್ ಫೋನುಗಳು ದಿನೇ ದಿನೇ ಅಗ್ಗವಾಗುತ್ತಿದ್ದವು.

ಸಿಂಪ್ಯೂಟರ್ ಸೋತರೂ ಅದರ ಹಿಂದಿದ್ದ ಒಂದು ವಿಚಾರ ವರ್ತಕರು ಇಂದಿಗೂ ಕಲಿಯಬೇಕಾದದ್ದು. ಒಂದು ಊರಿಗೆ ಒಂದೇ ಯಂತ್ರವಿದ್ದರೂ ಅನೇಕರು ಅದನ್ನು ಬಳಸುವಂತಾಗಲೆಂದು ಪ್ರತಿಯೊಬ್ಬರಿಗೂ ಪ್ರತ್ಯೇಕ ಸ್ಮಾರ್ಟ್ ಕಾರ್ಡ್ ಇರಬೇಕೆಂಬ ಯೋಜನೆ ಅದರಲ್ಲಿತ್ತು. ಯಂತ್ರ ಯಾರದ್ದಾದರೂ ಆಗಿರಲಿ, ಬರಹ ಬರೆದವನ ಕಾರ್ಡಿನಲ್ಲಿ ಅವನ ಜೊತೆಗೇ ಹೋಗುತ್ತದೆ. ಯಂತ್ರ ಬೇರೆ, ಬರಹ ಬೇರೆ ಎಂಬ ಈ ವಿವೇಕವನ್ನು ಇಂದಿನ ಫೋನ್ ಬಳಕೆದಾರರು ಮರೆತಿದ್ದಾರೆ. ಫೋನ್ ಕೆಟ್ಟರೆ ಲೆಕ್ಕವೂ ಕೆಟ್ಟಿತೆಂಬ ಸ್ಥಿತಿಯಲ್ಲಿ ಎಷ್ಟೋ ಅಂಗಡಿಗಳು ನಡೆಯುತ್ತಿವೆ.

ಅಕ್ಷರದ ತೊಂದರೆ

ಅಂಗೈಯ ಗಣಕದಲ್ಲಿ ಬರೆಯುವಾಗ ಎದುರಾಗುವ ದೋಷಗಳನ್ನು ಅಕ್ಷರದ ದೋಷ, ಅಂಕಿಯ ದೋಷ ಮತ್ತು ಯಂತ್ರದ ದೋಷ ಎಂದು ಮೂರಾಗಿ ವಿಂಗಡಿಸಬಹುದು. ಈ ಮೂರಕ್ಕೂ ಪರಿಹಾರಗಳು ಬೇರೆ ಬೇರೆ.

ಹಳೆಯ ಗಣಕದಲ್ಲಿ ಬರೆದಿಟ್ಟ ಗಿರಾಕಿಗಳ ಕನ್ನಡ ಪಟ್ಟಿಯನ್ನು ಫೋನಿನಲ್ಲಿ ತೆರೆದಾಗ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳು ಕಾಣುವುದುಂಟು. ಕಡತ ಹಾಳಾಯಿತೆಂದು ಅದನ್ನು ಅಳಿಸಿಹಾಕುವವರಿದ್ದಾರೆ. ವಾಸ್ತವದಲ್ಲಿ ಅದು ಹಾಳಾಗಿರುವುದಿಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲೇ ಕನ್ನಡದ ರೂಪಗಳನ್ನು ಕೂರಿಸಲಾಗಿತ್ತು. ಆ ಶೈಲಿ ಇಲ್ಲದ ಯಂತ್ರದಲ್ಲಿ ಮೂಲದ ಇಂಗ್ಲಿಷ್ ಚಿಹ್ನೆಗಳೇ ಕಾಣುತ್ತವೆ. ಯೂನಿಕೋಡ್ ಪದ್ಧತಿಯಲ್ಲಾದರೋ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯಿದೆ. ಆದ್ದರಿಂದ ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಒಮ್ಮೆ ಯೂನಿಕೋಡಿಗೆ ಬದಲಿಸಿಕೊಂಡು, ಮುಂದೆ ಯೂನಿಕೋಡಿನಲ್ಲೇ ಬರೆಯುವುದು ಶಾಶ್ವತ ಪರಿಹಾರ. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಕಾರಣ ಬೇರೆ. ಆ ಯಂತ್ರದಲ್ಲಿ ಕನ್ನಡದ ಅಕ್ಷರಶೈಲಿ ಇಲ್ಲವೆಂದು ತಿಳಿಯಬೇಕು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ಕ್ಕಿಂತ ಹಳೆಯ ಫೋನುಗಳಲ್ಲಿ ಇದು ಸಾಮಾನ್ಯವಾಗಿತ್ತು.

2017ರಿಂದ ಗೂಗಲ್ ಕೀಲಿಮಣೆಯಲ್ಲಿ ಕನ್ನಡವನ್ನು ಮಾತನಾಡಿಯೇ ಬರೆಸುವ ಅನುಕೂಲ ಬಂದಿದೆ. ಕಣದಲ್ಲಿ ನಿಂತು ಬರೆಯುವವರಿಗೆ ಇದು ಬಹಳ ಉಪಯುಕ್ತ. ಆದರೆ ಮಾತನ್ನು ಬರಹ ಮಾಡುವಾಗಲೂ, ಮುಂದಿನ ಪದವನ್ನು ಯಂತ್ರವೇ ಊಹಿಸುವಾಗಲೂ ವ್ಯಕ್ತಿಗಳ ಹಾಗೂ ಮನೆತನಗಳ ಹೆಸರು ಬದಲಾಗುವ ಸಂಭವ ಹೆಚ್ಚು. ಒಂದೇ ಹೆಸರಿನ ಇಬ್ಬರು ಬೆಳೆಗಾರರಿರುವ ಊರಿನಲ್ಲಿ ಒಬ್ಬರ ಮುಂಗಡ ಇನ್ನೊಬ್ಬರ ಖಾತೆಗೆ ಬಿದ್ದರೆ ಜಗಳ ನಿಶ್ಚಿತ. ಪ್ರತಿ ಗಿರಾಕಿಗೂ ಖಾತೆ ಸಂಖ್ಯೆಯೊಂದನ್ನು ಕೊಟ್ಟು, ಹೆಸರಿನ ಜೊತೆಗೆ ಅದನ್ನೂ ಬರೆಯುವುದು ಕ್ಷೇಮಕರ.

ಅಂಕಿಯ ತೊಂದರೆ

ಹಳೆಯ ಪಾಮ್‌ಟಾಪ್ ಯಂತ್ರಗಳ ಪರದೆ ಒತ್ತಡಕ್ಕೆ ಸ್ಪಂದಿಸುತ್ತಿತ್ತು. ಅದರ ಹೊಂದಾಣಿಕೆ ತಪ್ಪಿದರೆ ಕಡ್ಡಿ ಒತ್ತಿದ್ದು ಒಂದು ಅಕ್ಷರ, ಮೂಡಿದ್ದು ಪಕ್ಕದ ಅಕ್ಷರ. ಪರದೆಯ ಮೂಲೆಗಳಲ್ಲಿ ತೋರಿಸಿದ ಗುರುತುಗಳನ್ನು ಮತ್ತೆ ಮುಟ್ಟಿ ಅದನ್ನು ಸರಿಪಡಿಸಬೇಕಾಗುತ್ತಿತ್ತು. ಇಂದಿನ ಫೋನಿನ ಪರದೆ ಬೆರಳಿನ ವಿದ್ಯುತ್ ಗುಣಕ್ಕೆ ಸ್ಪಂದಿಸುತ್ತದೆ. ಮಳೆಹನಿ ಬಿದ್ದರೆ ಅಥವಾ ಬೆರಳು ಒದ್ದೆಯಾಗಿದ್ದರೆ ಅದು ತಪ್ಪು ಸ್ಥಳವನ್ನು ಗ್ರಹಿಸುತ್ತದೆ. ಮುಂಗಾರಿನಲ್ಲಿ ಅಂಕಿ ಒತ್ತುವ ಮೊದಲು ಪರದೆಯನ್ನೂ ಬೆರಳನ್ನೂ ಒರೆಸಿಕೊಳ್ಳುವುದು ಚಿಕ್ಕ ಕೆಲಸವಾದರೂ ದೊಡ್ಡ ನಷ್ಟವನ್ನು ತಪ್ಪಿಸುತ್ತದೆ.

ಅವಸರದಲ್ಲಿ ಅಂಕಿಗಳು ಸ್ಥಾನಪಲ್ಲಟವಾಗುವುದು ಇನ್ನೊಂದು ದೋಷ. 486 ಕಿಲೋ ಕಾಳುಮೆಣಸು 468 ಎಂದು ದಾಖಲಾದರೆ ವ್ಯತ್ಯಾಸ 18 ಕಿಲೋ. ಕಿಲೋಗೆ 600 ರೂಪಾಯಿ ಎಂದು ಇಟ್ಟುಕೊಂಡರೂ 10,800 ರೂಪಾಯಿಗಳ ತಪ್ಪಾಗುತ್ತದೆ. ಇಂತಹ ತಪ್ಪನ್ನು ಹುಡುಕಲು ಲೆಕ್ಕಿಗರಲ್ಲಿ ಹಳೆಯ ಉಪಾಯವೊಂದಿದೆ. ಎರಡು ಮೊತ್ತಗಳ ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲು ಬದಲಾಗಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು. ಎಷ್ಟೇ ಹೊಸ ಫೋನ್ ಬಂದರೂ ಈ ಉಪಾಯ ಹಳತಾಗಿಲ್ಲ. ಜೊತೆಗೆ, ಹೆಸರುಗಳನ್ನು ಕನ್ನಡದಲ್ಲಿ ಬರೆದರೂ ಮೊತ್ತಗಳನ್ನು 1, 2, 3 ಎಂಬ ಅಂಕಿಗಳಲ್ಲೇ ಬರೆಯುವುದು ಮೇಲು. ಕನ್ನಡದ ಅಂಕಿಗಳನ್ನು ಅನೇಕ ಲೆಕ್ಕದ ತಂತ್ರಾಂಶಗಳು ಸಂಖ್ಯೆಯೆಂದು ಗುರುತಿಸದೆ ಕೂಡಿಸಲು ನಿರಾಕರಿಸುತ್ತವೆ.

ವಿದ್ಯುತ್ತು, ಮಳೆ ಮತ್ತು ಮರೆವು

2000ದ ದಶಕದ ಆರಂಭದ ಅನೇಕ ಪಾಮ್‌ಟಾಪ್‌ಗಳಲ್ಲಿ ಬ್ಯಾಟರಿ ಪೂರ್ಣವಾಗಿ ಬರಿದಾದರೆ ಬರೆದದ್ದೆಲ್ಲವೂ ಅಳಿಸಿಹೋಗುತ್ತಿತ್ತು. ಇಂದಿನ ಫೋನುಗಳಲ್ಲಿ ಆ ಅಪಾಯವಿಲ್ಲ. ಆದರೆ ಮಳೆಗಾಲದಲ್ಲಿ ಪದೇ ಪದೇ ವಿದ್ಯುತ್ ಕೈಕೊಡುವ ಮಲೆನಾಡಿನ ಊರುಗಳಲ್ಲಿ ಬರಿದಾದ ಫೋನ್ ಎಂದರೆ ಮುಚ್ಚಿದ ಲೆಕ್ಕದ ಪುಸ್ತಕ. ಜೊತೆಗೊಂದು ಪವರ್ ಬ್ಯಾಂಕ್, ಅದರ ಜೊತೆಗೊಂದು ಚೀಟಿ ಪುಸ್ತಕ ಇಟ್ಟುಕೊಳ್ಳುವುದು ಸಂಕೋಚದ ವಿಷಯವಲ್ಲ.

ಫೋನ್ ನೀರಿನಲ್ಲಿ ನೆನೆದಾಗ ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳುವ ಪದ್ಧತಿ ವ್ಯಾಪಕವಾಗಿದೆ. ಅಕ್ಕಿಯ ನುಚ್ಚು ಒಳಸೇರಿ ಹಾನಿ ಮಾಡಬಹುದೆಂದು ಆಪಲ್ ಕಂಪನಿಯೇ ತನ್ನ ಗ್ರಾಹಕರಿಗೆ ಎಚ್ಚರಿಸಿದೆ. ಒದ್ದೆಯಾದ ಫೋನನ್ನು ಆರಿಸಿ, ಒರೆಸಿ, ಗಾಳಿಯಾಡುವ ಕಡೆ ಒಣಗಲು ಬಿಡಬೇಕು. ಪೂರ್ಣ ಒಣಗುವವರೆಗೆ ಚಾರ್ಜಿಗೆ ಹಾಕಬಾರದು.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸುರಿದ ಮಳೆ ಹಾಗೂ ಭೂಕುಸಿತಗಳು ರಸ್ತೆ, ವಿದ್ಯುತ್ ಮತ್ತು ದೂರವಾಣಿ ಸಂಪರ್ಕಗಳನ್ನು ಹೇಗೆ ಕಡಿದುಹಾಕಬಲ್ಲವೆಂಬುದನ್ನು ತೋರಿಸಿಕೊಟ್ಟವು. ಲೆಕ್ಕದ ಪ್ರತಿ ಅಂತರ್ಜಾಲದಲ್ಲಿ ಭದ್ರವಾಗಿದೆಯೆಂದು ನೆಮ್ಮದಿಯಿಂದಿರುವವರು, ಸಂಪರ್ಕವೇ ಇಲ್ಲದ ದಿನಗಳಲ್ಲಿ ಅದನ್ನು ತೆರೆಯುವ ದಾರಿ ಯಾವುದೆಂದು ಯೋಚಿಸಬೇಕು. ಒಂದು ಪ್ರತಿ ಅಂತರ್ಜಾಲದಲ್ಲಿ, ಒಂದು ಪ್ರತಿ ಅಂಗಡಿಯ ಗಣಕದಲ್ಲಿ ಅಥವಾ ಪೆನ್ ಡ್ರೈವಿನಲ್ಲಿ ಇರಲೇಬೇಕು.

ಕಾನೂನು ಏನನ್ನು ಕೇಳುತ್ತದೆ?

ಇದು ಕೇವಲ ಅನುಕೂಲದ ಮಾತಲ್ಲ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯು ನೋಂದಾಯಿತ ವರ್ತಕರು ತಮ್ಮ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರ ಸಲ್ಲಿಸುವ ಗಡುವಿನಿಂದ 72 ತಿಂಗಳುಗಳ ಕಾಲ ಕಾಯ್ದಿಡಬೇಕೆಂದು ವಿಧಿಸುತ್ತದೆ. ಆರು ವರ್ಷ ಒಂದೇ ಫೋನನ್ನು ಬಳಸುವ ವರ್ತಕರು ಎಷ್ಟು ಜನರಿದ್ದಾರೆ? ವಿದ್ಯುನ್ಮಾನ ರೂಪದ ದಾಖಲೆಗಳಿಗೆ ತಕ್ಕ ಪರ್ಯಾಯ ಪ್ರತಿ ಇರಬೇಕು, ಅವಘಡವಾದರೂ ಮಾಹಿತಿಯನ್ನು ಸಕಾಲದಲ್ಲಿ ಮರಳಿ ಪಡೆಯುವಂತಿರಬೇಕು ಎಂದು ಅದರ ನಿಯಮ 57 ಹೇಳುತ್ತದೆ. ಬರೆದದ್ದನ್ನು ಅಳಿಸುವಂತಿಲ್ಲ, ವಿದ್ಯುನ್ಮಾನ ದಾಖಲೆಯಲ್ಲಿ ತಿದ್ದಿದ ಹಾಗೂ ಅಳಿಸಿದ ಪ್ರತಿಯೊಂದು ನಮೂದಿನ ವಿವರ ಉಳಿಯಬೇಕು ಎಂದು ನಿಯಮ 56 ಹೇಳುತ್ತದೆ.

ವಾಟ್ಸ್‌ಆ್ಯಪ್ ಸಂದೇಶಗಳನ್ನೇ ಲೆಕ್ಕದ ಪುಸ್ತಕವೆಂದು ನಂಬಿರುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಸಂದೇಶವನ್ನು ಅಳಿಸಬಹುದು. 2023ರಿಂದ ಕಳುಹಿಸಿದ 15 ನಿಮಿಷಗಳೊಳಗೆ ತಿದ್ದಲೂಬಹುದು; ತಿದ್ದಲಾಗಿದೆಯೆಂಬ ಗುರುತು ಉಳಿದರೂ ಮೊದಲಿದ್ದ ಮೊತ್ತ ಎದುರಿಗೆ ಕಾಣುವುದಿಲ್ಲ. ತೂಕವನ್ನು ಬೆಳೆಗಾರರಿಗೆ ತಿಳಿಸಲು ಸಂದೇಶ ಒಳ್ಳೆಯ ಸಾಧನ, ಲೆಕ್ಕವಿಡಲು ಅಲ್ಲ. ಕಾಗದದ ರೋಜುಕೀರ್ದಿಯಲ್ಲಿ ತಪ್ಪಿಗೆ ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಸಹಿ ಹಾಕುವ ಹಿರಿಯರ ಪದ್ಧತಿಯನ್ನೇ ಇಂದಿನ ನಿಯಮವೂ ಕೇಳುತ್ತಿದೆ.

ಆಗಬೇಕಾದದ್ದು

ಮೊದಲನೆಯದಾಗಿ, ಅಂಗೈಯ ಗಣಕವನ್ನು ಚೀಟಿಯೆಂದು ಭಾವಿಸಬೇಕೇ ಹೊರತು ಪುಸ್ತಕವೆಂದಲ್ಲ. ಕಣದಲ್ಲಿ ಬರೆದದ್ದು ಅಂದೇ ಸಂಜೆ ಆಖೈರು ಶಿಲ್ಕು ತೆಗೆಯುವ ಮೊದಲು ಅಂಗಡಿಯ ಲೆಕ್ಕಕ್ಕೆ ಇಳಿಯಬೇಕು. ಎರಡನೆಯದಾಗಿ, ಯಾವುದೇ ಲೆಕ್ಕದ ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ ಮಾರುವವರನ್ನು ಒಂದೇ ಒಂದು ಪ್ರಶ್ನೆ ಕೇಳಬೇಕು: ನಾಳೆ ಇದನ್ನು ಬಿಟ್ಟರೆ ಲೆಕ್ಕವನ್ನೆಲ್ಲ ಹೊರತೆಗೆದು ಬೇರೆಡೆ ಓದಬಹುದೇ? ಉತ್ತರ ಸ್ಪಷ್ಟವಿಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಅದು ದುಬಾರಿಯೇ. ಮೂರನೆಯದಾಗಿ, ತಿಂಗಳಿಗೊಮ್ಮೆಯಾದರೂ ಪರ್ಯಾಯ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನಂಬುವುದು, ಎಣಿಸದೆ ಹಣ ಪಡೆದಂತೆ.

ವಾಣಿಜ್ಯ ಸಂಘಗಳಿಗೂ ಇಲ್ಲಿ ಹೊಣೆಯಿದೆ. ಜಿಲ್ಲಾ ಕೇಂದ್ರಗಳಲ್ಲಿ ನಡೆಯುವ ತೆರಿಗೆ ಕಾರ್ಯಾಗಾರಗಳಿಗೆ ಕೊಡ್ಲಿಪೇಟೆ, ಶನಿವಾರಸಂತೆಯಂತಹ ಊರುಗಳ ಸಣ್ಣ ವರ್ತಕರು ಅಂಗಡಿ ಮುಚ್ಚಿ ಬರುವುದು ಕಷ್ಟ. ಕಾಫಿ ಕೊಯ್ಲು ಆರಂಭವಾಗುವ ಮುನ್ನ ಆ ಊರುಗಳಲ್ಲೇ ಅರ್ಧ ದಿನದ ಕಮ್ಮಟ ನಡೆಸಿ, ವರ್ತಕರ ಸ್ವಂತ ಫೋನುಗಳಲ್ಲೇ ಕನ್ನಡ ಕೀಲಿಮಣೆ ಅಳವಡಿಸಿ, ಪ್ರತಿ ತೆಗೆಯುವುದನ್ನು ಕೈಹಿಡಿದು ಕಲಿಸಿದರೆ ಅದರ ಫಲ ವರ್ಷವಿಡೀ ದೊರೆಯುತ್ತದೆ.

ಸಿಂಪ್ಯೂಟರ್ ಇಂದು ಅಂಗಡಿಗಳಲ್ಲಿ ಸಿಗುವುದಿಲ್ಲ. ಅದಕ್ಕಿಂತ ಎಷ್ಟೋ ಪಟ್ಟು ಸಮರ್ಥವಾದ ಯಂತ್ರ ಪ್ರತಿ ವರ್ತಕರ ಕಿಸೆಯಲ್ಲಿದೆ. ಆದರೆ ಆರು ವರ್ಷಗಳ ನಂತರ ಅಧಿಕಾರಿಯೊಬ್ಬರು ಅಥವಾ ಬೆಳೆಗಾರರೊಬ್ಬರು ಬಂದು ಆ ದಿನದ ತೂಕವೆಷ್ಟೆಂದು ಕೇಳಿದಾಗ ಉತ್ತರ ಹೇಳಬೇಕಾದದ್ದು ಆ ಯಂತ್ರವಲ್ಲ, ಅದರಿಂದ ಹೊರಬಂದು ಭದ್ರವಾಗಿ ಉಳಿದ ಬರಹ.