ಗೂಡಿಗೆ ತಕ್ಕಡಿಯಿದೆ, ಕೈಗಳಿಗೆ?

ಮದುವೆಯ ಕಾಲ ಬಂತೆಂದರೆ ನಮ್ಮ ಪಟ್ಟಣಗಳ ಜವಳಿ ಅಂಗಡಿಗಳಲ್ಲಿ ರೇಷ್ಮೆ ಸೀರೆಗಳ ರಾಶಿ ಬೀಳುತ್ತದೆ. ಜರಿ ಅಸಲಿಯೇ, ಬಣ್ಣ ಬಿಡುತ್ತದೆಯೇ ಎಂದು ಮನೆಯವರು ಮತ್ತೆ ಮತ್ತೆ ವಿಚಾರಿಸುತ್ತಾರೆ. ಪುರುಷರಿಗೆ ರೇಷ್ಮೆ ನಿಷಿದ್ಧವಾದ್ದರಿಂದ ಮದುಮಗನ ಶೇರ್ವಾನಿಯಲ್ಲಿ ಅದರ ಎಳೆಯಿಲ್ಲವೆಂದು ಖಚಿತಪಡಿಸಿಕೊಳ್ಳುವ ಜಾಗರೂಕರೂ ನಮ್ಮಲ್ಲಿದ್ದಾರೆ. ಆ ಜಾಗರೂಕತೆ ಮೆಚ್ಚತಕ್ಕದ್ದೇ. ಆದರೆ ಆ ನೂಲು ಯಾರ ಕೈಗಳನ್ನು ಬೇಯಿಸಿ ಹೊರಬಂತು ಎಂದು ಕೇಳಿದವರನ್ನು ನಾವು ಇದುವರೆಗೆ ಕಂಡಿಲ್ಲ.

18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳುಗಳನ್ನು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ನೆಲೆ ಒದಗಿಸಿದುದನ್ನು ನಮ್ಮ ವೇದಿಕೆಗಳು ಹೆಮ್ಮೆಯಿಂದ ಸ್ಮರಿಸುತ್ತವೆ. ಇಂದು ರಾಮನಗರ, ಶಿಡ್ಲಘಟ್ಟಗಳ ಬಿಚ್ಚಾಣಿಕೆ ಘಟಕಗಳಲ್ಲಿ ಮಾಲಕರೂ ಕೂಲಿಗಳೂ ದೊಡ್ಡ ಸಂಖ್ಯೆಯಲ್ಲಿ ಮುಸ್ಲಿಮರೇ. ಆದ್ದರಿಂದ ಈ ವಿಷಯದಲ್ಲಿ ಬೆರಳು ತೋರಿಸಲು ನಾವು ದೂರ ಹೋಗಬೇಕಾಗಿಲ್ಲ.

ಹುಳು ತನ್ನ ಸುತ್ತ ನೇಯ್ದ ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಅದನ್ನು ಹಿಡಿದಿಟ್ಟಿರುವ ಅಂಟು ಸಡಿಲಗೊಳ್ಳಬೇಕಾದರೆ ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಬೇಕು. ಬಳಿಕ ಹಲವು ಗೂಡುಗಳ ಎಳೆಗಳ ತುದಿಯನ್ನು ಹುಡುಕಿ, ಒಟ್ಟುಗೂಡಿಸಿ, ಒಂದು ನೂಲಾಗಿ ಸುತ್ತಬೇಕು. ಹಳೆಯ ಚರಕದಲ್ಲಿ ಬೇಯಿಸುವುದೂ ಬಿಚ್ಚುವುದೂ ಒಂದೇ ಬಿಸಿನೀರಿನ ಪಾತ್ರೆಯಲ್ಲಿ. ಕೂದಲಿಗಿಂತಲೂ ತೆಳುವಾದ ಆ ತುದಿ ಕೈಗವಸಿಗೆ ಸಿಗದು. ಬರಿ ಬೆರಳಿಗೇ ಸಿಗಬೇಕು. ದಿನವಿಡೀ ನೀರಿನಲ್ಲಿ ಅದ್ದಿದ ಬೆರಳುಗಳ ಚರ್ಮ ಬಿಳುಚಿ, ಬಿರಿದು, ಹುಣ್ಣಾಗುತ್ತದೆ. ಸತ್ತ ಹುಳುಗಳ ವಾಸನೆ ಮತ್ತು ಆವಿ ತುಂಬಿದ ಕೋಣೆಗಳಲ್ಲಿ ದುಡಿಯುವವರಿಗೆ ಉಬ್ಬಸ ಬರುವುದನ್ನು ವೈದ್ಯಕೀಯ ಅಧ್ಯಯನಗಳು ದಾಖಲಿಸಿವೆ. ಹೀಗೆ ಬಂದ ನೂಲಿಗೆ ಹುರಿ ಹಾಕಿ, ಸಾಬೂನು-ಸೋಡಾದಲ್ಲಿ ಮತ್ತೆ ಕುದಿಸಿ ಉಳಿದ ಅಂಟನ್ನು ತೆಗೆದಾಗ ತೂಕದಲ್ಲಿ ಸುಮಾರು ಕಾಲು ಭಾಗ ಕಳೆದು ಹೊಳಪು ಹೊರಬೀಳುತ್ತದೆ. ನಂತರವೇ ಬಣ್ಣ, ಮಗ್ಗ, ಜರಿ. ಅಂಗಡಿಯವನು ವರ್ಣಿಸುವ ಕಥೆ ಇಲ್ಲಿಂದ ಆರಂಭವಾಗುತ್ತದೆ.

ಗೂಡು ಮಾರುವ ರೈತನಿಗೆ 1959ರ ಕಾಯ್ದೆಯ ಆಸರೆಯಿದೆ. ಸರಕಾರಿ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜು, ಸರಕಾರಿ ತಕ್ಕಡಿ, ಪರವಾನಿಗೆ ಪಡೆದ ಖರೀದಿದಾರ ಎಲ್ಲವೂ ಇವೆ. ಮಾರುಕಟ್ಟೆಯ ಗೇಟು ದಾಟಿದ ಮೇಲೆ ಮನುಷ್ಯನ ಶ್ರಮವನ್ನು ತೂಗುವ ತಕ್ಕಡಿ ಇಲ್ಲ. ಅಲ್ಲಿ ನಡೆಯುವುದು ಮುಂಗಡದ ಲೆಕ್ಕ. ಕಾಯಿಲೆಗೋ ಮಗಳ ಮದುವೆಗೋ ಮಾಲಕನಿಂದ ಪಡೆದ ಹಣ ತೀರುವವರೆಗೆ ಬೇರೆ ಘಟಕಕ್ಕೆ ಹೋಗುವಂತಿಲ್ಲ. ತೀರಿಸುವಷ್ಟು ಕೂಲಿ ಉಳಿಯುವುದೂ ಇಲ್ಲ. 1976ರಲ್ಲೇ ಜೀತ ಪದ್ಧತಿಯನ್ನು ರದ್ದುಪಡಿಸಿದ ದೇಶದಲ್ಲಿ ಇದಕ್ಕೆ ಬೇರೆ ಹೆಸರು ಹುಡುಕುವುದು ಆತ್ಮವಂಚನೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಪ್ರಕಟಿಸಿದಾಗ ಕರ್ನಾಟಕದ ಘಟಕಗಳೂ ಅದರಲ್ಲಿದ್ದವು. ಅಂದು ನಮ್ಮಲ್ಲಿ ಕೆಲವರಿಗೆ ಮಕ್ಕಳ ಬೆರಳುಗಳಿಗಿಂತ ಸಮುದಾಯದ ಹೆಸರು ಕೆಡುವುದೇ ದೊಡ್ಡ ಚಿಂತೆಯಾಗಿತ್ತು.

ಸಣ್ಣ ಮಾಲಕರೆಲ್ಲ ಶೋಷಕರೆಂದು ನಾವು ಹೇಳುತ್ತಿಲ್ಲ. ಗೂಡಿನ ದರ ಏರಿ ನೂಲಿನ ದರ ಇಳಿದ ವಾರ ಅವರ ಮನೆಯಲ್ಲೂ ಒಲೆ ಉರಿಯುವುದು ಕಷ್ಟ. ಚೀನಾದ ನೂಲಿನ ಪೈಪೋಟಿ ಬೇರೆ. ಸರಕಾರ ಯಂತ್ರಗಳಿಗೆ ಸಹಾಯಧನ ಘೋಷಿಸುತ್ತದೆ. ಯಂತ್ರ ಬಂದಾಗ ಕೆಲಸ ಕಳಕೊಳ್ಳುವ ಹೆಂಗಸಿನ ಬಗ್ಗೆ ಅದು ಮಾತಾಡುವುದಿಲ್ಲ. ಆದರೆ ಸರಕಾರವನ್ನು ದೂರಿ ಕೈತೊಳೆದುಕೊಳ್ಳಲು ನಮಗೆ ಅವಕಾಶವಿಲ್ಲ. ಕುರ್‌ಆನ್ ಸೂಚಿಸಿರುವ ಝಕಾತಿನ ಎಂಟು ಬಾಬ್ತುಗಳಲ್ಲಿ ಗುಲಾಮರ ವಿಮೋಚನೆ ಮತ್ತು ಸಾಲಗಾರರ ನೆರವು ಎರಡೂ ಇವೆ. ಮುಂಗಡದಲ್ಲಿ ಸಿಕ್ಕಿಬಿದ್ದ ಕೂಲಿಗಾರ್ತಿಗೆ ಇವೆರಡೂ ಅನ್ವಯಿಸುವಷ್ಟು ನಿಖರವಾಗಿ ಇನ್ನಾರಿಗೆ ಅನ್ವಯಿಸೀತು?

ಈ ಊರುಗಳ ಜಮಾಅತ್‌ಗಳು ಮುಂದಿನ ರಮಝಾನಿಗೆ ಮುನ್ನ ತಮ್ಮ ಮೊಹಲ್ಲಾದಲ್ಲಿ ಯಾರ ಮೇಲೆ ಎಷ್ಟು ಮುಂಗಡವಿದೆಯೆಂಬ ಪಟ್ಟಿ ತಯಾರಿಸಲಿ. ಮಾಲಕನನ್ನೂ ಕೂಲಿಯವರನ್ನೂ ಎದುರು ಕುಳ್ಳಿರಿಸಿ ಲೆಕ್ಕ ಬರೆಸಲಿ. ಆಗ ಎಷ್ಟೋ ಸಾಲಗಳು ಈಗಾಗಲೇ ದುಡಿಮೆಯಲ್ಲಿ ತೀರಿಹೋಗಿರುವುದು ಬೆಳಕಿಗೆ ಬಂದೀತು. ಉಳಿದುದನ್ನು ಬೈತುಲ್ಮಾಲ್‌ನಿಂದ ತೀರಿಸಲಿ. ಇಷ್ಟಕ್ಕೇ ನಿಂತರೆ ಮರುತಿಂಗಳು ಕಾಯಿಲೆ ಬಿದ್ದಾಗ ಅದೇ ಹೆಂಗಸು ಅದೇ ಮಾಲಕನ ಬಾಗಿಲು ತಟ್ಟುತ್ತಾಳೆ. ಆದ್ದರಿಂದ ಬಡ್ಡಿರಹಿತ ಸಾಲದ ನಿಧಿಯೂ ಜೊತೆಯಲ್ಲೇ ಆರಂಭವಾಗಬೇಕು. ಅದರ ಸಮಿತಿಯಲ್ಲಿ ಘಟಕದ ಮಾಲಕರು ಇರಬಾರದು.