ಅವಳು ಹುಡುಕುತ್ತಿರುವುದು ಯಾರನ್ನು?

ಮಸ್ಸೂರಿಯ ಸವಾಯ್ ಹೋಟೆಲಿನ ಉದ್ದನೆಯ ಪಡಸಾಲೆಗಳಲ್ಲಿ ರಾತ್ರಿ ಹೊತ್ತು ಒಬ್ಬ ಹೆಂಗಸು ಓಡಾಡುತ್ತಾಳಂತೆ. ತನಗೆ ವಿಷವಿಟ್ಟವರನ್ನು ಹುಡುಕುತ್ತಾಳಂತೆ. ಆ ಬೆಟ್ಟದೂರಿನಲ್ಲಿ ಈ ಕಥೆ ತಲೆಮಾರು ದಾಟಿ ಬಂದಿದೆ. ದೆವ್ವದ ಕಥೆಗಳಿಗೆ ಸಾಮಾನ್ಯವಾಗಿ ಊರು ಕೇರಿ ಇರುವುದಿಲ್ಲ. ಈ ಹೆಂಗಸಿಗೆ ಹೆಸರಿದೆ, ವಯಸ್ಸಿದೆ, ಅವಳ ಸಾವಿನ ಬಗ್ಗೆ ನಡೆದ ಮೊಕದ್ದಮೆಯೂ ಇದೆ.

ಫ್ರಾನ್ಸಿಸ್ ಗಾರ್ನೆಟ್-ಓರ್ಮ್. 1911ರಲ್ಲಿ, 49ನೆಯ ವಯಸ್ಸಿನಲ್ಲಿ, ಸವಾಯ್‌ನ ಕೋಣೆಯಲ್ಲಿ ಸತ್ತು ಬಿದ್ದಿದ್ದಳು. ಬಾಗಿಲಿಗೆ ಒಳಗಿನಿಂದ ಅಗುಳಿ. ಮೈಯಲ್ಲಿ ಸೈನೈಡ್ ಜಾತಿಯ ಪ್ರೂಸಿಕ್ ಆಮ್ಲ. ಜೊತೆಗಿದ್ದ ಗೆಳತಿ ಈವಾ ಮೌಂಟ್‌ಸ್ಟೀಫನ್ ಆ ಹೊತ್ತಿಗೆ ಬೆಟ್ಟ ಇಳಿದು ಹೋಗಿದ್ದಳು. ಇಬ್ಬರಿಗೂ ಸ್ಫಟಿಕದ ಗೋಳ ನೋಡುವುದರಲ್ಲಿ, ಸತ್ತವರನ್ನು ಕರೆದು ಮಾತಾಡಿಸುವುದರಲ್ಲಿ ಗಾಢ ನಂಬಿಕೆ. ಅಲಹಾಬಾದಿನಲ್ಲಿ ಈವಾಳ ವಿಚಾರಣೆ ನಡೆದು, 1912ರಲ್ಲಿ ಖುಲಾಸೆಯಾಯಿತು. ಬೇರೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಅಗಾಥಾ ಕ್ರಿಸ್ಟಿ 1920ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಗೆ ಈ ಸಾವೇ ಬೀಜ ಎನ್ನುವವರಿದ್ದಾರೆ. ನನಗೆ ಅಷ್ಟು ಸಲೀಸಾಗಿ ಒಪ್ಪಿಕೊಳ್ಳಲು ಮನಸ್ಸಿಲ್ಲ. ಕಾದಂಬರಿಯ ವಿಷ ಸ್ಟ್ರಿಕ್ನಿನ್, ನಮ್ಮ ಕರಾವಳಿಯ ಕಾಸರಕ ಮರದ ಬೀಜದಲ್ಲಿ ಇರುವಂಥದ್ದು. ಅದು ಆಗಿನ ಟಾನಿಕ್‌ಗಳಲ್ಲಿ ಅತಿ ಸ್ವಲ್ಪ ಪ್ರಮಾಣದಲ್ಲಿ ಇರುತ್ತಿತ್ತು. ಆ ಶೀಶೆಗೆ ನಿದ್ರೆಯ ಬ್ರೋಮೈಡ್ ಪುಡಿ ಬೆರೆಸಿದರೆ ಸ್ಟ್ರಿಕ್ನಿನ್ ಹರಳುಗಟ್ಟಿ ತಳಕ್ಕೆ ಇಳಿಯುತ್ತದೆ. ದಿನದಿನದ ಗುಟುಕುಗಳಿಂದ ಏನೂ ಆಗದು. ಕೊನೆಯ ಗುಟುಕಿನಲ್ಲಿ ಪ್ರಾಣ ಹೋಗುತ್ತದೆ. ಕ್ರಿಸ್ಟಿಗೆ ಇದು ಗೊತ್ತಿದ್ದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ ಟಾರ್ಕಿಯ ಆಸ್ಪತ್ರೆಯೊಂದರ ಔಷಧಾಲಯದಲ್ಲಿ ಕೆಲಸ ಮಾಡಿದ್ದರಿಂದ. ಇನ್ನು ಪ್ರೂಸಿಕ್ ಆಮ್ಲ ನಿಮಿಷಗಳಲ್ಲೇ ಕೊಲ್ಲುವ ವಿಷ. ಎರಡು ವಿಷಗಳ ನಡತೆಯೇ ಬೇರೆ.

ಆದರೂ ಜನ ಎರಡನ್ನೂ ಏಕೆ ಹೆಣೆದರೆಂದು ಅರ್ಥವಾಗುತ್ತದೆ. ಎರಡೂ ಕಡೆ ಮನಸ್ಸನ್ನು ಕಾಡುವುದು ಒಂದೇ ಸಂಗತಿ: ಕೊಂದವರು ಆ ರಾತ್ರಿ ಅಲ್ಲಿ ಇರಲೇಬೇಕಾಗಿಲ್ಲ. ಶೀಶೆಯೊಂದಿದ್ದರೆ ಸಾಕು. ಕಾದಂಬರಿಯಲ್ಲಾದರೆ ಪತ್ತೇದಾರ ಪೊಯಿರೋ ಎಲ್ಲರನ್ನೂ ಒಂದೆಡೆ ಸೇರಿಸಿ ಗಂಟು ಬಿಚ್ಚುತ್ತಾನೆ. ಮಸ್ಸೂರಿಯ ಗಂಟನ್ನು ಬಿಚ್ಚುವವರು ಸಿಗಲಿಲ್ಲ. ಬಿಚ್ಚದೇ ಉಳಿದದ್ದಕ್ಕೇ ಊರು ದೆವ್ವವೆಂದು ಹೆಸರಿಟ್ಟಿತು ಎಂದು ನನಗನಿಸುತ್ತದೆ. ದುರ್ಮರಣಕ್ಕೀಡಾದವರ ಜೀವ ಅಲೆಯುತ್ತದೆ ಎಂಬ ನಮ್ಮ ಹಳ್ಳಿಗಳ ನಂಬಿಕೆಯಲ್ಲೂ ಹೀಗೇ ಒಂದು ತೀರದ ವ್ಯಾಜ್ಯ ಇರುತ್ತದೆ.

ನನಗೆ ಮರುಕ ಹುಟ್ಟುವುದು ಈವಾಳ ಬಗ್ಗೆಯೂ ಹೌದು. ನ್ಯಾಯಾಲಯ ಬಿಟ್ಟರೂ ಕಥೆ ಹೇಳುವವರು ಅವಳನ್ನು ಬಿಡಲಿಲ್ಲ. ಇಂದಿಗೂ ಬೆರಳು ಅವಳತ್ತಲೇ. ಆದರೆ ಆ ಕಥೆಯನ್ನೇ ಕಿವಿಗೊಟ್ಟು ಕೇಳಿ. ಗೆಳತಿಯ ಮುಖ ಫ್ರಾನ್ಸಿಸ್‌ಗೆ ಚೆನ್ನಾಗಿ ಗೊತ್ತಿತ್ತು. ವಿಷವಿಟ್ಟವಳು ಈವಾಳೇ ಆಗಿದ್ದರೆ, ಅವಳು ಹುಡುಕುತ್ತಿರುವುದೇಕೆ?